ಕಲ್ಲಾದ ಚಿಪ್ಪುಗಳ ಕಾಲಜ್ಞ

ಕನ್ನಡ ನಾಡಿನ ಅನೇಕ ಮನೆಗಳ ದೇವರ ಪೀಠದಲ್ಲಿ ಸಾಲಿಗ್ರಾಮವೆಂಬ ಕಪ್ಪು ಕಲ್ಲು ಇರುತ್ತದೆ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಆ ಶಿಲೆಯಲ್ಲಿ ಚಕ್ರದಂತೆ ಸುತ್ತಿಕೊಂಡ ಗೆರೆಗಳು ಕಾಣುತ್ತವೆ. ನೇಪಾಳದ ಗಂಡಕೀ ನದಿಯ ಪಾತ್ರದಿಂದ ಬರುವ ಈ ಶಿಲೆಯನ್ನು ಭಕ್ತರು ವಿಷ್ಣುವಿನ ಸಾನ್ನಿಧ್ಯವೆಂದು ಪೂಜಿಸುತ್ತಾರೆ. ಭೂವಿಜ್ಞಾನಿಗಳು ಅದೇ ಚಕ್ರದಲ್ಲಿ ಮತ್ತೊಂದು ಕಥೆಯನ್ನು ಓದುತ್ತಾರೆ. ಕೋಟ್ಯಂತರ ವರ್ಷಗಳ ಹಿಂದೆ, ಹಿಮಾಲಯವಿನ್ನೂ ತಲೆಯೆತ್ತದಿದ್ದ ಕಾಲದಲ್ಲಿ, ಅಲ್ಲಿ ಹರಡಿದ್ದ ಸಮುದ್ರದಲ್ಲಿ ಜೀವಿಸಿದ್ದ ಅಮ್ಮೊನೈಟ್ ಎಂಬ ಪ್ರಾಣಿಯ ಚಿಪ್ಪಿನ ಗುರುತು ಅದು. ಇಂತಹ ಚಿಪ್ಪುಗಳನ್ನು ಒಂದೊಂದಾಗಿ ಪರೀಕ್ಷಿಸಿ, ದಕ್ಷಿಣ ಭಾರತದ ಶಿಲಾಸ್ತರಗಳಿಗೆ ಪ್ರಪಂಚದ ಕಾಲಗಣನೆಯಲ್ಲಿ ಸ್ಥಾನವನ್ನು ಕಲ್ಪಿಸಿಕೊಟ್ಟ ವಿಜ್ಞಾನಿಗಳಲ್ಲಿ ಫರ್ಡಿನಾಂಡ್ ಸ್ಟೊಲಿಚ್ಕನು ಅಗ್ರಗಣ್ಯನು.

ಸ್ಟೊಲಿಚ್ಕನು 1838ರ ಜೂನ್ 7ರಂದು ಮೊರೇವಿಯ ಪ್ರಾಂತದಲ್ಲಿ ಜನಿಸಿದನು. ಅಂದು ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ ಆ ಪ್ರಾಂತವು ಇಂದು ಚೆಕ್ ಗಣರಾಜ್ಯದ ಭಾಗವಾಗಿದೆ. ಅವನ ತಂದೆ ಅರಣ್ಯಪಾಲಕನಾಗಿದ್ದನು. ಕಾಡಿನ ಅಂಚಿನ ಮನೆಯಲ್ಲಿ ಬೆಳೆದ ಬಾಲಕನಿಗೆ ಗಿಡ, ಹಕ್ಕಿ, ಹುಳು, ಕಲ್ಲು ಎಲ್ಲವೂ ಒಡನಾಡಿಗಳಾದವು. ಸಮೀಪದ ಕ್ರೊಮೆರಿಜ್ ಪಟ್ಟಣದಲ್ಲಿ ಶಾಲಾಭ್ಯಾಸವನ್ನು ಮುಗಿಸಿದ ಮೇಲೆ ಅವನು ವಿಯೆನ್ನಾ ವಿಶ್ವವಿದ್ಯಾನಿಲಯವನ್ನು ಸೇರಿದನು. ಅಲ್ಲಿ ಎಡ್ವರ್ಡ್ ಸ್ಯೂಸ್‌ನಂತಹ ಮೇಧಾವಿ ಭೂವಿಜ್ಞಾನಿಯ ಶಿಷ್ಯನಾಗುವ ಸುಯೋಗ ಅವನಿಗೆ ಒದಗಿತು. ವಿದ್ಯಾರ್ಥಿಯಾಗಿದ್ದಾಗಲೇ ಆಲ್ಪ್ಸ್ ಪರ್ವತಗಳ ಪಳೆಯುಳಿಕೆಗಳನ್ನು ಕುರಿತು ಪ್ರಬಂಧವನ್ನು ಬರೆದು ವಿದ್ವಾಂಸರ ಗಮನವನ್ನು ಸೆಳೆದನು. 1861ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಿಂದ ಡಾಕ್ಟರ್ ಪದವಿಯನ್ನು ಪಡೆದು, ಆಸ್ಟ್ರಿಯಾದ ಭೂವೈಜ್ಞಾನಿಕ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದನು.

ಆ ಕಾಲಕ್ಕೆ ಯೂರೋಪಿನಲ್ಲಿ ಭೂವಿಜ್ಞಾನವು ಹೊಸದೊಂದು ದಾರಿಯನ್ನು ಕಂಡುಕೊಂಡಿತ್ತು. ಸಮುದ್ರದ ತಳದಲ್ಲಿ ಮರಳು, ಜೇಡಿಮಣ್ಣು, ಸುಣ್ಣ ಮೊದಲಾದವು ಪದರಪದರವಾಗಿ ಶೇಖರವಾಗುತ್ತವೆ. ಕಾಲಕ್ರಮದಲ್ಲಿ ಅವು ಗಟ್ಟಿಯಾಗಿ ಶಿಲೆಗಳಾಗುತ್ತವೆ. ಅಲುಗಾಡದೆ ಉಳಿದ ಸ್ತರಗಳಲ್ಲಿ ಕೆಳಗಿರುವುದು ಹಳೆಯದು, ಮೇಲಿರುವುದು ಹೊಸದು. ಒಂದೇ ಊರಿನ ಬಂಡೆಗಳನ್ನು ನೋಡುವಾಗ ಈ ನಿಯಮವೊಂದೇ ಸಾಕು. ಆದರೆ ಸಾವಿರಾರು ಮೈಲಿಗಳ ಅಂತರದಲ್ಲಿರುವ ಎರಡು ಪ್ರದೇಶಗಳ ಸ್ತರಗಳಲ್ಲಿ ಯಾವುದು ಮೊದಲಿನದು, ಯಾವುದು ನಂತರದ್ದು ಎಂದು ಹೇಳುವುದು ಹೇಗೆ? ಕಲ್ಲಿನ ಬಣ್ಣವಾಗಲಿ ಗಡಸುತನವಾಗಲಿ ಇದಕ್ಕೆ ನೆರವಾಗದು. ಒಂದೇ ಕಾಲದಲ್ಲಿ ಒಂದು ಕಡೆ ಮರಳುಗಲ್ಲೂ ಮತ್ತೊಂದು ಕಡೆ ಸುಣ್ಣಕಲ್ಲೂ ಉಂಟಾಗಬಹುದು. ಇಂಗ್ಲೆಂಡಿನ ವಿಲಿಯಂ ಸ್ಮಿತ್ ಎಂಬುವನು ಕಾಲುವೆಗಳನ್ನು ತೋಡಿಸುತ್ತಿದ್ದಾಗ, ಒಂದೊಂದು ಸ್ತರದಲ್ಲಿಯೂ ಅದಕ್ಕೇ ವಿಶಿಷ್ಟವಾದ ಪಳೆಯುಳಿಕೆಗಳಿರುವುದನ್ನೂ ಅವುಗಳ ಕ್ರಮ ಎಲ್ಲೆಡೆಯೂ ಒಂದೇ ಆಗಿರುವುದನ್ನೂ ಗಮನಿಸಿದ್ದನು. ಹೀಗೆ ಸತ್ತ ಪ್ರಾಣಿಗಳ ಅವಶೇಷಗಳು ಶಿಲೆಗಳ ಪಂಚಾಂಗವಾದವು.

ಈ ಪಂಚಾಂಗದಲ್ಲಿ ಅಮ್ಮೊನೈಟ್‌ಗೆ ಹಿರಿಯ ಸ್ಥಾನವುಂಟು. ಅದು ಇಂದಿನ ಆಕ್ಟೋಪಸ್ ಮತ್ತು ಕಟಲ್ ಮೀನುಗಳ ದೂರದ ಬಂಧು. ಟಗರಿನ ಕೊಂಬಿನಂತೆ ಸುತ್ತಿಕೊಂಡ ಚಿಪ್ಪಿನ ಹೊರ ಕೋಣೆಯಲ್ಲಿ ಆ ಪ್ರಾಣಿಯು ವಾಸಿಸುತ್ತಿತ್ತು. ಬೆಳೆದಂತೆಲ್ಲ ಹಿಂದಿನ ಕೋಣೆಯನ್ನು ಅಡ್ಡಗೋಡೆಯಿಂದ ಮುಚ್ಚಿಕೊಂಡು ಮುಂದಕ್ಕೆ ಸಾಗುತ್ತಿತ್ತು. ಈ ಅಡ್ಡಗೋಡೆಗಳು ಚಿಪ್ಪಿನ ಹೊರಗೋಡೆಯನ್ನು ಸೇರುವಲ್ಲಿ ಕುಸುರಿ ಕೆಲಸದಂತಹ ನುಣುಪಾದ ಸಂಧಿರೇಖೆಗಳು ಮೂಡಿರುತ್ತವೆ. ಸಂಧಿರೇಖೆಯ ವಿನ್ಯಾಸ, ಚಿಪ್ಪಿನ ಸುತ್ತಿನ ಬಗೆ, ಅದರ ಮೇಲಿನ ಏಣುಗಳು, ಗುಬುಟುಗಳು ಇವುಗಳಿಂದ ಒಂದು ಜಾತಿಯನ್ನು ಇನ್ನೊಂದರಿಂದ ಬೇರ್ಪಡಿಸಬಹುದು. ಅಮ್ಮೊನೈಟ್ ಜಾತಿಗಳು ಬಹುಬೇಗ ಮಾರ್ಪಡುತ್ತಿದ್ದವು. ಒಂದು ಜಾತಿ ಕೆಲವು ಲಕ್ಷ ವರ್ಷಗಳಲ್ಲಿಯೇ ಕಣ್ಮರೆಯಾಗಿ ಮತ್ತೊಂದು ತಲೆದೋರುತ್ತಿತ್ತು. ಅವುಗಳಲ್ಲಿ ಹಲವು ವಿಶಾಲ ಸಮುದ್ರಗಳಲ್ಲಿ ಹರಡಿಕೊಂಡಿದ್ದವು. ಸತ್ತ ಬಳಿಕ ಗಾಳಿ ತುಂಬಿದ ಚಿಪ್ಪುಗಳು ತೇಲಿಕೊಂಡು ದೂರದ ತೀರಗಳನ್ನು ಸೇರುತ್ತಿದ್ದುದೂ ಉಂಟು. ಅಲ್ಪಕಾಲ ಬಾಳಿ, ಬಹುದೂರ ಹರಡಿದ ಪ್ರಾಣಿಯೇ ಕಾಲವನ್ನು ಸೂಚಿಸಲು ಯೋಗ್ಯವಾದುದು. ಫ್ರಾನ್ಸಿನ ಆಲ್ಸಿಡ್ ಡಾರ್ಬಿನಿಯು ಇಂತಹ ಪಳೆಯುಳಿಕೆಗಳ ಆಧಾರದಿಂದಲೇ ಕ್ರಿಟೇಷಸ್ ಯುಗವನ್ನು ಹಲವು ಘಟ್ಟಗಳಾಗಿ ವಿಂಗಡಿಸಿ, ಫ್ರಾನ್ಸಿನ ಊರುಗಳ ಹೆಸರಿನಿಂದ ಅವನ್ನು ಕರೆದಿದ್ದನು. ಲ ಮಾನ್ ಪಟ್ಟಣದಿಂದ ಸೆನೊಮೇನಿಯನ್, ತೂರ್ ಪ್ರದೇಶದಿಂದ ಟ್ಯುರೋನಿಯನ್, ಸಾನ್ಸ್ ಪಟ್ಟಣದಿಂದ ಸೆನೋನಿಯನ್ ಎಂಬ ಹೆಸರುಗಳು ಬಂದವು.

ಇತ್ತ ದಕ್ಷಿಣ ಭಾರತದಲ್ಲಿಯೂ ಕ್ರಿಟೇಷಸ್ ಶಿಲೆಗಳು ಬೆಳಕಿಗೆ ಬಂದಿದ್ದವು. 1840ರ ಸುಮಾರಿಗೆ ಮದರಾಸಿನ ಕೆಲವು ಅಧಿಕಾರಿಗಳು ಪಾಂಡಿಚೇರಿ, ವೃದ್ಧಾಚಲ ಮತ್ತು ತಿರುಚಿನಾಪಳ್ಳಿಗಳ ಸುತ್ತಮುತ್ತ ಅಪಾರವಾದ ಚಿಪ್ಪುಗಳನ್ನು ಆಯ್ದು ಲಂಡನ್ನಿಗೆ ಕಳುಹಿಸಿದರು. ಎಡ್ವರ್ಡ್ ಫೋರ್ಬ್ಸ್ ಎಂಬ ವಿದ್ವಾಂಸನು 1846ರಲ್ಲಿ ಅವುಗಳನ್ನು ವರ್ಣಿಸಿ, ಪಾಂಡಿಚೇರಿಯ ಸ್ತರಗಳು ಕ್ರಿಟೇಷಸ್ ಯುಗದ ಆದಿಭಾಗಕ್ಕೆ ಸೇರಿದವೆಂದು ಅಭಿಪ್ರಾಯಪಟ್ಟನು. ಅದೇ ಪಾಂಡಿಚೇರಿಯ ಚಿಪ್ಪುಗಳನ್ನು ನೋಡಿದ ಡಾರ್ಬಿನಿಯು ಅವು ಆ ಯುಗದ ಉತ್ತರಭಾಗದವೆಂದು ತೀರ್ಮಾನಿಸಿದನು. ಇಬ್ಬರೂ ಪ್ರಸಿದ್ಧ ಪಂಡಿತರೇ. ಆದರೆ ಅವರ ಮಾತುಗಳ ನಡುವೆ ಕೋಟಿಗಟ್ಟಲೆ ವರ್ಷಗಳ ಅಂತರವಿತ್ತು. ಈ ಸಂದೇಹವು ಪರಿಹಾರವಾಗದಿದ್ದರೆ ಭಾರತದ ಸಮುದ್ರಶಿಲೆಗಳ ಚರಿತ್ರೆಯು ಪ್ರಪಂಚದ ಚರಿತ್ರೆಯೊಡನೆ ಕೂಡಿಕೊಳ್ಳುವಂತಿರಲಿಲ್ಲ.

ಇದಕ್ಕೆ ಮೊದಲು ಬೇಕಾಗಿದ್ದುದು ನೆಲದ ಮೇಲಿನ ಸಮೀಕ್ಷೆ. ಆ ಕಾರ್ಯವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಹೆನ್ರಿ ಬ್ಲಾನ್‌ಫರ್ಡನು ಕೈಗೊಂಡನು. ತಿರುಚಿನಾಪಳ್ಳಿಯ ಬಳಿಯ ಸ್ತರಗಳನ್ನು ಅವನು ಕ್ರಮವಾಗಿ ಗುರುತಿಸಿ, ಎಲ್ಲಕ್ಕಿಂತ ಕೆಳಗಿನದನ್ನು ಉಟ್ಟತ್ತೂರು ವರ್ಗವೆಂದೂ, ಅದರ ಮೇಲಿನದನ್ನು ತಿರುಚಿನಾಪಳ್ಳಿ ವರ್ಗವೆಂದೂ, ಮೇಲ್ಭಾಗದ್ದನ್ನು ಅರಿಯಲೂರು ವರ್ಗವೆಂದೂ ಹೆಸರಿಸಿದನು. ಚಿಪ್ಪುಗಳ ವಿವರಣೆಯನ್ನೂ ಅವನೇ ಪ್ರಾರಂಭಿಸಿ, 1861ರಲ್ಲಿ ಬೆಲೆಮ್ನೈಟ್ ಮತ್ತು ನಾಟಿಲಸ್‌ಗಳ ಭಾಗವನ್ನು ಪ್ರಕಟಿಸಿದನು. ಆದರೆ ಆರೋಗ್ಯ ಕೆಟ್ಟುದರಿಂದ 1862ರಲ್ಲಿ ಅವನು ಸಂಸ್ಥೆಯನ್ನು ಬಿಡಬೇಕಾಯಿತು. ಕಲ್ಕತ್ತೆಯ ಪೆಟ್ಟಿಗೆಗಳಲ್ಲಿ ಚಿಪ್ಪುಗಳ ರಾಶಿ ಹಾಗೆಯೇ ಉಳಿಯಿತು. ಅದನ್ನು ಓದಬಲ್ಲ ತಜ್ಞನಿಗಾಗಿ ಸಂಸ್ಥೆಯ ಮುಖ್ಯಸ್ಥನಾದ ಥಾಮಸ್ ಓಲ್ಡ್‌ಹ್ಯಾಮನು ಹುಡುಕುತ್ತಿದ್ದನು. ವಿಯೆನ್ನಾದ ತರುಣನಿಗೆ ಕರೆ ಹೋಯಿತು. ಇಪ್ಪತ್ತನಾಲ್ಕು ವರ್ಷದ ಸ್ಟೊಲಿಚ್ಕನು 1862ರಲ್ಲಿ ಕಲ್ಕತ್ತೆಗೆ ಬಂದಿಳಿದನು.

ಪರಿಚಯವಿಲ್ಲದ ದೇಶ, ಸೆಕೆಯ ಹವೆ, ತನ್ನದಲ್ಲದ ಇಂಗ್ಲಿಷ್ ಭಾಷೆ. ಇವು ಯಾವುವೂ ಅವನ ಉತ್ಸಾಹವನ್ನು ಕುಗ್ಗಿಸಲಿಲ್ಲ. ಅವನು ನೇರವಾಗಿ ಅಮ್ಮೊನೈಟ್‌ಗಳ ಮುಂದೆ ಕುಳಿತನು. ಆ ಕೆಲಸವು ಹೊರನೋಟಕ್ಕೆ ನೀರಸವಾದುದು. ಚಿಪ್ಪಿಗೆ ಅಂಟಿದ ಕಲ್ಲನ್ನು ಬಿಡಿಸಬೇಕು, ವ್ಯಾಸವನ್ನೂ ಸುತ್ತುಗಳ ಅಗಲವನ್ನೂ ಅಳೆಯಬೇಕು, ಏಣುಗಳನ್ನು ಎಣಿಸಬೇಕು, ಸಂಧಿರೇಖೆಯ ಒಂದೊಂದು ಬಾಗನ್ನೂ ಚಿತ್ರಿಸಿಕೊಳ್ಳಬೇಕು, ಬಳಿಕ ಯೂರೋಪಿನ ಗ್ರಂಥಗಳಲ್ಲಿರುವ ಚಿತ್ರಗಳೊಡನೆ ಹೋಲಿಸಬೇಕು. ಇಲ್ಲಿ ಅಪಾಯಗಳೂ ಹಲವು. ಒಂದೇ ಜಾತಿಯ ಎಳೆಯ ಚಿಪ್ಪು ಮತ್ತು ಬಲಿತ ಚಿಪ್ಪು ಬೇರೆಬೇರೆ ಜಾತಿಗಳಂತೆ ಕಾಣಬಹುದು. ಮಣ್ಣಿನ ಭಾರಕ್ಕೆ ಸಿಕ್ಕಿದ ಚಿಪ್ಪು ಆಕಾರಗೆಡಬಹುದು. ಹಳೆಯ ಸ್ತರದಿಂದ ಕೊಚ್ಚಿಹೋದ ಚಿಪ್ಪು ಹೊಸ ಸ್ತರದಲ್ಲಿ ಹೂತುಕೊಂಡು ಸಂಶೋಧಕನನ್ನು ದಾರಿತಪ್ಪಿಸಬಹುದು. ಒಂದು ಚಿಪ್ಪನ್ನು ತಪ್ಪಾಗಿ ಗುರುತಿಸಿದರೆ ಒಂದು ಸ್ತರದ ಕಾಲವೇ ತಪ್ಪುತ್ತದೆ. ಆದುದರಿಂದ ಅವನು ಒಂದೇ ಚಿಪ್ಪಿನ ಸಾಕ್ಷ್ಯವನ್ನು ನಂಬದೆ, ಒಂದು ಸ್ತರದಲ್ಲಿ ಜೊತೆಯಾಗಿ ದೊರೆತ ಎಲ್ಲ ಜಾತಿಗಳ ಸಮೂಹವನ್ನೇ ತೂಗಿ ನೋಡಿದನು.

ಈ ಶ್ರಮದ ಫಲವಾಗಿ 1863ರಿಂದ 1866ರವರೆಗೆ ದಕ್ಷಿಣ ಭಾರತದ ಅಮ್ಮೊನೈಟ್‌ಗಳ ಸಚಿತ್ರ ವಿವರಣೆಯು ಸರ್ವೇಕ್ಷಣ ಸಂಸ್ಥೆಯ ಗ್ರಂಥಮಾಲೆಯಲ್ಲಿ ಕಂತುಕಂತಾಗಿ ಹೊರಬಂದಿತು. ಅವನ ಕೈಯಲ್ಲಿ ಮೂರು ವರ್ಗಗಳ ಚಿಪ್ಪುಗಳು ತಮ್ಮ ಕಾಲವನ್ನು ತಾವೇ ಹೇಳತೊಡಗಿದವು. ಉಟ್ಟತ್ತೂರಿನ ಜೇಡಿಸ್ತರಗಳಲ್ಲಿ ದೊರೆತ ಏಣು ಗುಬುಟುಗಳುಳ್ಳ ದೊಡ್ಡ ಅಮ್ಮೊನೈಟ್‌ಗಳು ಫ್ರಾನ್ಸಿನ ರೂಆನ್ ನಗರದ ಬಳಿಯ ಸುಣ್ಣಶಿಲೆಗಳಲ್ಲಿ ದೊರೆಯುವ ಅಮ್ಮೊನೈಟ್‌ಗಳ ಬಳಗಕ್ಕೆ ಸೇರಿದ್ದವು. ಆದುದರಿಂದ ಉಟ್ಟತ್ತೂರು ವರ್ಗವು ಸ್ಥೂಲವಾಗಿ ಸೆನೊಮೇನಿಯನ್ ಘಟ್ಟಕ್ಕೆ ಸಮಾನವೆಂದು ಅವನು ನಿರ್ಣಯಿಸಿದನು. ಚೆಲುವಾದ ಚಿಪ್ಪುಗಲ್ಲಿಗೆ ಹೆಸರಾದ ತಿರುಚಿನಾಪಳ್ಳಿ ವರ್ಗವು ಟ್ಯುರೋನಿಯನ್ ಘಟ್ಟಕ್ಕೂ, ಅರಿಯಲೂರು ವರ್ಗವು ಸೆನೋನಿಯನ್ ಘಟ್ಟಕ್ಕೂ ಹೊಂದಿಕೊಂಡವು. ಕಾವೇರಿಯ ಉತ್ತರಕ್ಕಿರುವ ಹೊಲಗದ್ದೆಗಳ ನಡುವಿನ ಕೊರಕಲೂ ಫ್ರಾನ್ಸಿನ ಬೆಟ್ಟದ ಬಂಡೆಯೂ ಒಂದೇ ಕಾಲದ ಸಮುದ್ರಗಳ ಕೆಸರಿನಿಂದ ಉಂಟಾದವೆಂಬುದು ಹೀಗೆ ಬೆಳಕಿಗೆ ಬಂದಿತು. ಬ್ಲಾನ್‌ಫರ್ಡನು ನೆಲದಲ್ಲಿ ಕಂಡ ಕೆಳಗುಮೇಲಿನ ಕ್ರಮವೂ ಸ್ಟೊಲಿಚ್ಕನು ಚಿಪ್ಪಿನಲ್ಲಿ ಕಂಡ ಹಿಂದುಮುಂದಿನ ಕ್ರಮವೂ ಒಂದಕ್ಕೊಂದು ತಾಳೆಯಾದವು. ಎರಡು ಸಾಕ್ಷ್ಯಗಳು ಬೇರೆಬೇರೆ ದಾರಿಯಿಂದ ಬಂದು ಒಂದೇ ಮಾತನ್ನು ಹೇಳಿದಾಗ ವಿಜ್ಞಾನಕ್ಕೆ ದೊರೆಯುವ ಧೈರ್ಯ ದೊಡ್ಡದು.

ಅಮ್ಮೊನೈಟ್‌ಗಳ ನಂತರ ಅವನು ಶಂಖಜಾತಿಯ ಪ್ರಾಣಿಗಳನ್ನೂ, ಕಪ್ಪೆಚಿಪ್ಪಿನ ಜಾತಿಗಳನ್ನೂ, ಹವಳಗಳನ್ನೂ ಅದೇ ಶ್ರದ್ಧೆಯಿಂದ ವರ್ಣಿಸಿದನು. ದಕ್ಷಿಣ ಭಾರತದ ಕ್ರಿಟೇಷಸ್ ಪ್ರಾಣಿಸಮೂಹವನ್ನು ಕುರಿತ ಈ ಮಹಾಗ್ರಂಥವು ನಾಲ್ಕು ಸಂಪುಟಗಳಾಗಿ ಬೆಳೆದು 1873ರಲ್ಲಿ ಮುಗಿಯಿತು.

ಕಲ್ಕತ್ತೆಯ ಮೇಜಿಗೆ ಮಾತ್ರ ಕಟ್ಟುಬೀಳುವ ಸ್ವಭಾವ ಅವನದಾಗಿರಲಿಲ್ಲ. 1864ರಲ್ಲಿ ಮತ್ತು 1865ರಲ್ಲಿ ಅವನು ಹಿಮಾಲಯದ ಸ್ಪಿತಿ ಮತ್ತು ಲಡಾಖ್ ಪ್ರದೇಶಗಳಲ್ಲಿ ಸಂಚರಿಸಿದನು. ಮರಗಿಡಗಳಿಲ್ಲದ ಆ ಎತ್ತರದ ಕಣಿವೆಗಳಲ್ಲಿ ಶಿಲಾಸ್ತರಗಳು ತೆರೆದಿಟ್ಟ ಗ್ರಂಥದ ಹಾಳೆಗಳಂತೆ ಕಾಣುತ್ತವೆ. ಅಲ್ಲಿನ ಕಪ್ಪು ಜೇಡಿಶಿಲೆಗಳಲ್ಲಿ ಸಾಲಿಗ್ರಾಮವನ್ನು ಹೋಲುವ ಉಂಡೆಗಳು ಹೇರಳವಾಗಿದ್ದು, ಒಡೆದರೆ ಒಳಗೆ ಅಮ್ಮೊನೈಟ್‌ಗಳು ಕಾಣುತ್ತಿದ್ದವು. ಆ ಸ್ತರಗಳಿಗೆ ಸ್ಪಿತಿ ಷೇಲ್ ಎಂಬ ಹೆಸರನ್ನು ಬಳಕೆಗೆ ತಂದವನು ಅವನೇ. ಅವುಗಳ ಮೇಲೆ ಹಾಸಿರುವ ಗಿಯುಮಾಲ್ ಮರಳುಗಲ್ಲು ಮತ್ತು ಚಿಕ್ಕಿಂ ಸುಣ್ಣಕಲ್ಲುಗಳನ್ನೂ ಅವನು ಪ್ರತ್ಯೇಕವಾಗಿ ಗುರುತಿಸಿದನು. ಜಗತ್ತಿನ ಅತ್ಯುನ್ನತ ಪರ್ವತಗಳು ಒಂದು ಕಾಲದಲ್ಲಿ ಸಮುದ್ರದ ತಳವಾಗಿದ್ದವೆಂಬ ಸಂಗತಿಗೆ ಈ ಚಿಪ್ಪುಗಳಿಗಿಂತ ಮಿಗಿಲಾದ ಸಾಕ್ಷಿ ಬೇಕೆ?

ಶಿಲೆಗಳಲ್ಲಿನ ಪ್ರಾಣಿಗಳಂತೆಯೇ ಜೀವಂತ ಪ್ರಾಣಿಗಳಲ್ಲಿಯೂ ಅವನಿಗೆ ಆಸಕ್ತಿಯಿತ್ತು. ಹಕ್ಕಿ, ಹಾವು, ಜೇಡ, ಬಸವನಹುಳು ಮೊದಲಾದವುಗಳನ್ನು ಕುರಿತು ಅವನು ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅನೇಕ ಲೇಖನಗಳನ್ನು ಬರೆದನು. ಆ ಸಂಸ್ಥೆಯ ಕಾರ್ಯದರ್ಶಿಯಾಗಿಯೂ ದುಡಿದನು. ಬರ್ಮಾ, ಮಲಯ, ಅಂಡಮಾನ್ ಮತ್ತು ಕಛ್ ಪ್ರದೇಶಗಳಲ್ಲಿ ಸಂಚರಿಸಿ ಹೇರಳವಾದ ಸಾಮಗ್ರಿಯನ್ನು ಸಂಗ್ರಹಿಸಿದನು.

1873ರಲ್ಲಿ ಬ್ರಿಟಿಷ್ ಭಾರತದ ಸರ್ಕಾರವು ಡಗ್ಲಾಸ್ ಫೋರ್ಸಿತ್‌ನ ನೇತೃತ್ವದಲ್ಲಿ ಮಧ್ಯ ಏಷ್ಯಾದ ಯಾರ್ಕಂದ್ ಮತ್ತು ಕಾಶ್ಗರ್‌ಗಳಿಗೆ ನಿಯೋಗವೊಂದನ್ನು ಕಳುಹಿಸಿತು. ಪ್ರಕೃತಿವಿಜ್ಞಾನಿಯಾಗಿ ಸ್ಟೊಲಿಚ್ಕನು ಅದರಲ್ಲಿ ಸೇರಿದನು. ಲಡಾಖನ್ನು ದಾಟಿ ಹೋಗುವಾಗಲೇ ಎತ್ತರದ ಬಯಲುಗಳ ತೆಳುವಾದ ಗಾಳಿಯಿಂದ ಅವನ ಆರೋಗ್ಯ ಕೆಟ್ಟಿತ್ತು. ಆದರೂ ಹಿಂದಿರುಗುವ ಮಾತನ್ನು ಆಡಲಿಲ್ಲ. ಕೊರೆಯುವ ಚಳಿಯಲ್ಲಿ ಚಾತಿರ್ ಕುಲ್ ಸರೋವರದವರೆಗೆ ಹೋದನು. 1874ರ ವಸಂತದಲ್ಲಿ ಪಾಮಿರ್ ಪ್ರಸ್ಥಭೂಮಿಯನ್ನು ದಾಟಿ ವಾಖಾನ್ ಕಣಿವೆಯನ್ನು ಕಂಡನು. ದಾರಿಯುದ್ದಕ್ಕೂ ಶಿಲೆಗಳ ವಿವರವನ್ನು ದಿನಚರಿಯಲ್ಲಿ ಬರೆದುಕೊಳ್ಳುತ್ತ, ಹಕ್ಕಿಗಳನ್ನೂ ಚಿಪ್ಪುಗಳನ್ನೂ ಕೂಡಿಸುತ್ತ ಸಾಗಿದನು.

ಹಿಂದಿರುಗುವ ದಾರಿಯಲ್ಲಿ, 1874ರ ಜೂನ್ 16ರಂದು, ತಂಡವು ಹದಿನೆಂಟು ಸಾವಿರ ಅಡಿಗಳಿಗೂ ಮಿಗಿಲಾದ ಕಾರಕೋರಂ ಕಣಿವೆಮಾರ್ಗವನ್ನು ದಾಟಿತು. ಸ್ಟೊಲಿಚ್ಕನಿಗೆ ತೀವ್ರವಾದ ತಲೆನೋವು ಕಾಣಿಸಿಕೊಂಡಿತು; ಉಸಿರಾಟ ಕಷ್ಟವಾಯಿತು. ಎತ್ತರದ ಪ್ರದೇಶಗಳಲ್ಲಿ ಪ್ರಾಣವಾಯುವಿನ ಕೊರತೆಯಿಂದ ಬರುವ ಈ ವ್ಯಾಧಿಗೆ ರೋಗಿಯನ್ನು ತಡಮಾಡದೆ ಕೆಳಕ್ಕೆ ಇಳಿಸುವುದೇ ಮುಖ್ಯವಾದ ಚಿಕಿತ್ಸೆ ಎಂಬುದು ಇಂದು ತಿಳಿದ ವಿಷಯ. ಅಂದು ಅಲ್ಲಿ ಅದಕ್ಕೆ ಅನುಕೂಲವಿರಲಿಲ್ಲ. ಜೂನ್ 19ರಂದು ಲಡಾಖಿನ ಮುರ್ಗೊ ಎಂಬಲ್ಲಿ ಅವನು ಕೊನೆಯುಸಿರೆಳೆದನು. ಅವನಿಗೆ ಮೂವತ್ತಾರು ವರ್ಷ ತುಂಬಿ ಹನ್ನೆರಡೇ ದಿನಗಳು ಕಳೆದಿದ್ದವು. ಲೇಹ್ ಪಟ್ಟಣದಲ್ಲಿ ಅವನ ನೆನಪಿಗಾಗಿ ಕಲ್ಲಿನ ಸ್ತಂಭವನ್ನು ನಿಲ್ಲಿಸಲಾಯಿತು. ಅವನ ದಿನಚರಿ ಮತ್ತು ಟಿಪ್ಪಣಿಗಳನ್ನು ಸಹೋದ್ಯೋಗಿಗಳು ಪರಿಷ್ಕರಿಸಿ, ಯಾರ್ಕಂದ್ ನಿಯೋಗದ ವೈಜ್ಞಾನಿಕ ಫಲಿತಾಂಶಗಳೆಂಬ ಹೆಸರಿನಿಂದ ಪ್ರಕಟಿಸಿದರು.

ಸ್ಟೊಲಿಚ್ಕನ ಕಾರ್ಯ ಅವನೊಡನೆ ಮುಗಿಯಲಿಲ್ಲ. ಇಪ್ಪತ್ತು ವರ್ಷಗಳ ನಂತರ ವಿಯೆನ್ನಾದ ಫ್ರಾಂಟ್ಸ್ ಕೊಸ್ಮಾಟ್ ಎಂಬ ವಿದ್ವಾಂಸನು ಅವನ ಸಂಪುಟಗಳನ್ನು ಮುಂದಿಟ್ಟುಕೊಂಡು, ಹೊಸ ಸಂಗ್ರಹಗಳ ನೆರವಿನಿಂದ ದಕ್ಷಿಣ ಭಾರತದ ಅಮ್ಮೊನೈಟ್‌ಗಳನ್ನು ಮತ್ತೆ ಪರಿಶೀಲಿಸಿದನು. ಉಟ್ಟತ್ತೂರು ವರ್ಗವನ್ನು ಅಮ್ಮೊನೈಟ್‌ಗಳ ಆಧಾರದಿಂದಲೇ ಮೂರು ವಲಯಗಳಾಗಿ ವಿಭಜಿಸಿದನು. ಪಾಂಡಿಚೇರಿಯ ಸ್ತರಗಳು ಕ್ರಿಟೇಷಸ್ ಯುಗದ ಉತ್ತರಭಾಗಕ್ಕೆ ಸೇರಿದವೆಂದು ತೋರಿಸಿ, ಫೋರ್ಬ್ಸ್ ಮತ್ತು ಡಾರ್ಬಿನಿಯರ ನಡುವಣ ಹಳೆಯ ವಿವಾದವನ್ನು ಬಗೆಹರಿಸಿದನು. ಸ್ಟೊಲಿಚ್ಕನು ಇಟ್ಟ ಕೆಲವು ಹೆಸರುಗಳು ಬದಲಾದವು. ಕೆಲವು ನಿರ್ಣಯಗಳು ತಿದ್ದಲ್ಪಟ್ಟವು. ಉಟ್ಟತ್ತೂರಿನ ತಳಭಾಗವು ಸೆನೊಮೇನಿಯನ್‌ಗಿಂತ ಹಿಂದಿನ ಆಲ್ಬಿಯನ್ ಘಟ್ಟವನ್ನೂ ಮುಟ್ಟುತ್ತದೆಂಬುದು ಇಂದು ಸ್ಪಷ್ಟವಾಗಿದೆ. ಆದರೆ ಹೀಗೆ ತಿದ್ದಲು ಸಾಧ್ಯವಾದುದು ಅವನು ಪ್ರತಿಯೊಂದು ಚಿಪ್ಪನ್ನೂ ಪ್ರಾಮಾಣಿಕವಾಗಿ ವರ್ಣಿಸಿ ಚಿತ್ರಿಸಿಟ್ಟಿದ್ದರಿಂದಲೇ. ತನ್ನನ್ನು ತಿದ್ದಲು ಬೇಕಾದ ಸಾಧನವನ್ನೂ ಮುಂದಿನವರ ಕೈಗೆ ಒಪ್ಪಿಸಿ ಹೋಗುವುದು ನಿಜವಾದ ವಿಜ್ಞಾನಿಯ ಲಕ್ಷಣ.

ಅಮ್ಮೊನೈಟ್‌ಗಳು ಕಾಲದ ಕ್ರಮವನ್ನು ಹೇಳುತ್ತವೆ. ವರ್ಷಗಳ ಸಂಖ್ಯೆಯನ್ನು ಹೇಳಲಾರವು. ಇಪ್ಪತ್ತನೆಯ ಶತಮಾನದಲ್ಲಿ ವಿಕಿರಣ ವಿಧಾನಗಳು ಬಂದ ಮೇಲೆ ಆ ಕೊರತೆಯೂ ನೀಗಿತು. ಉತ್ತರ ಅಮೆರಿಕದ ಪಶ್ಚಿಮಭಾಗದಲ್ಲಿ ಅಮ್ಮೊನೈಟ್ ಸ್ತರಗಳ ನಡುವೆ ಜ್ವಾಲಾಮುಖಿಯ ಬೂದಿಯ ಪದರಗಳು ದೊರೆಯುತ್ತವೆ. ಆ ಬೂದಿಯಲ್ಲಿನ ಖನಿಜಗಳಿಂದ ವರ್ಷಗಳನ್ನು ಗಣಿಸಿದಾಗ, ಅದರ ಮೇಲೆ ಮತ್ತು ಕೆಳಗೆ ಇರುವ ಚಿಪ್ಪುಗಳ ಕಾಲವೂ ತಿಳಿಯುತ್ತದೆ. ಕ್ರಿಟೇಷಸ್ ಯುಗವು ಸುಮಾರು 14 ಕೋಟಿ 50 ಲಕ್ಷ ವರ್ಷಗಳ ಹಿಂದೆ ಆರಂಭವಾಗಿ 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಮುಗಿಯಿತು. ಆ ಯುಗಾಂತ್ಯದ ಮಹಾವಿನಾಶದಲ್ಲಿ ಅಮ್ಮೊನೈಟ್‌ಗಳ ಸಂತತಿಯೂ ಅಳಿಯಿತು. ಅರಿಯಲೂರು ವರ್ಗದ ಮೇಲೆ ಹಾಸಿರುವ ನಿನ್ನಿಯೂರು ಸ್ತರಗಳಲ್ಲಿ ನಾಟಿಲಸ್‌ನ ಚಿಪ್ಪುಗಳಿವೆ; ಅಮ್ಮೊನೈಟ್‌ಗಳಿಲ್ಲ. ಒಂದು ಯುಗವು ಮುಗಿದು ಇನ್ನೊಂದು ತೊಡಗಿದುದನ್ನು ಆ ಇಲ್ಲದಿರುವಿಕೆಯೇ ಸಾರುತ್ತದೆ.

ಸ್ಟೊಲಿಚ್ಕನು ತೀರಿಕೊಂಡ ಮರುವರ್ಷ, 1875ರಲ್ಲಿ, ವಿಯೆನ್ನಾದ ಮೆಲ್ಕಿಯೊರ್ ನೊಯ್‌ಮಾಯರ್ ಎಂಬ ಪಳೆಯುಳಿಕೆ ಶಾಸ್ತ್ರಜ್ಞನು ಕ್ರಿಟೇಷಸ್ ಅಮ್ಮೊನೈಟ್‌ಗಳ ಒಂದು ಕುಲಕ್ಕೆ ಸ್ಟೊಲಿಚ್ಕಾಯಿಯ ಎಂದು ಹೆಸರಿಟ್ಟನು. ಉಟ್ಟತ್ತೂರಿನ ಸ್ತರಗಳಲ್ಲಿಯೂ ಯೂರೋಪಿನಲ್ಲಿಯೂ ದೊರೆಯುವ ಈ ಚಿಪ್ಪುಗಳಿಗೆ ಒಂದು ವಿಶೇಷವುಂಟು. ಈ ಕುಲದ ಒಂದು ಜಾತಿಯ ಹೆಸರಿನಿಂದಲೇ ಆಲ್ಬಿಯನ್ ಘಟ್ಟದ ಕೊನೆಯ ವಲಯವನ್ನು ಭೂವಿಜ್ಞಾನಿಗಳು ಬಹುಕಾಲದಿಂದ ಗುರುತಿಸುತ್ತ ಬಂದಿದ್ದಾರೆ. ಅದರ ಮೇಲಿನ ಸ್ತರಗಳಲ್ಲಿ, ಸುಮಾರು 10 ಕೋಟಿ ವರ್ಷಗಳ ಹಿಂದೆ, ಸೆನೊಮೇನಿಯನ್ ಘಟ್ಟವು ಪ್ರಾರಂಭವಾಗುತ್ತದೆ.

ಶಿಲೆಗಳ ಕಾಲವನ್ನು ಅರಿಯಲು ಜೀವನವನ್ನೇ ಮುಡಿಪಾಗಿಟ್ಟವನು ಮೂವತ್ತಾರು ವರ್ಷ ಮಾತ್ರ ಬದುಕಿದನು. ಅವನ ಹೆಸರಾದರೋ ಆ ಶಿಲೆಗಳಲ್ಲಿಯೇ ಕಾಲದ ಗುರುತಾಗಿ ನಿಂತಿದೆ.